ಗಣಕಯಂತ್ರಕ್ಕೆ ಪ್ರತ್ಯೇಕ ಸೌಂಡ್ ಕಾರ್ಡು ಅವಶ್ಯವೇ? ದಂಡು ಪ್ರದೇಶದ ಧ್ವನಿಮುದ್ರಿಕೆಗಳನ್ನು ಕುರಿತು ಒಂದು ವಿವೇಚನೆ

ಬೆಂಗಳೂರಿನ ದಂಡು ಪ್ರದೇಶವು ಸ್ಥಾಪಿತವಾದುದು ೧೮೦೯ರಲ್ಲಿ. ಅದರ ಪುರಸಭೆಯು ಪೇಟೆಯ ಪುರಸಭೆಯೊಡನೆ ಕೂಡಿ ಒಂದೇ ಕಾರ್ಪೊರೇಷನ್ ಆದುದು ೧೯೪೯ರಲ್ಲಿ. ಈ ನೂರನಾಲ್ವತ್ತು ವರ್ಷಗಳ ಲಿಖಿತ ದಾಖಲೆಗಳಲ್ಲಿ ಅಧಿಕಾರಿಗಳ ಮಾತು ಹೇರಳವಾಗಿ ದೊರೆಯುತ್ತದೆ. ಶಿವಾಜಿನಗರದ ವ್ಯಾಪಾರಿಯಾಗಲಿ ಹಲಸೂರಿನ ಕುಶಲಕರ್ಮಿಯಾಗಲಿ ತನ್ನ ಬಾಳನ್ನು ತಾನೇ ಹೇಳಿಕೊಂಡ ಮಾತು ಅಪೂರ್ವ. ಅಂತಹ ಮಾತು ಎಷ್ಟೋ ವೇಳೆ ಉಳಿದಿರುವುದು ಹಿಂದೆ ಯಾರೋ ಆಸಕ್ತರು ತುಂಬಿಕೊಂಡ ಕ್ಯಾಸೆಟ್ಟುಗಳಲ್ಲಿ. ಹೇಳಿದವರಲ್ಲಿ ಅನೇಕರು ಈಗ ಇಲ್ಲ. ಟೇಪು ದಿನೇ ದಿನೇ ಕ್ಷೀಣಿಸುತ್ತಿದೆ. ಅದನ್ನು ನುಡಿಸುವ ಯಂತ್ರಗಳೂ ವಿರಳವಾಗುತ್ತಿವೆ. ಆದುದರಿಂದ ಇಂದು ನಾವು ಮಾಡುವ ಪ್ರತಿಯೇ ಕೊನೆಯ ಪ್ರತಿಯಾಗಬಹುದು. ಈ ಕಾರ್ಯಕ್ಕೆ ಗಣಕಯಂತ್ರದೊಳಗೆ ಮೊದಲೇ ಇರುವ ಧ್ವನಿ ಸಾಧನವು ಸಾಲುವುದೇ, ಪ್ರತ್ಯೇಕ ಸೌಂಡ್ ಕಾರ್ಡಿಗಾಗಿ ಹಣ ವ್ಯಯಮಾಡಬೇಕೇ ಎಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಸೌಂಡ್ ಕಾರ್ಡಿನ ಕೆಲಸವು ತತ್ತ್ವತಃ ಸರಳವಾದುದು. ಟೇಪಿನಿಂದಲೋ ಮೈಕಿನಿಂದಲೋ ಬರುವ ವಿದ್ಯುತ್ತಿನ ಏರಿಳಿತವನ್ನು ಅದು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ಅಂಕಿಯಾಗಿ ಬರೆದಿಡುತ್ತದೆ. ಕೇಳುವಾಗ ಅಂಕಿಗಳನ್ನು ಮತ್ತೆ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ೧೯೮೧ರ ಐಬಿಎಂ ಗಣಕದಲ್ಲಿ ಇದ್ದುದು ಕೇವಲ ಕಿರುಗುಟ್ಟುವ ಸಣ್ಣ ಸ್ಪೀಕರು. ಸಿಂಗಪುರದ ಕ್ರಿಯೇಟಿವ್ ಸಂಸ್ಥೆಯು ೧೯೮೯ರಲ್ಲಿ ಹೊರತಂದ ಸೌಂಡ್ ಬ್ಲಾಸ್ಟರಿನಂತಹ ಕಾರ್ಡುಗಳು ಆ ಕೊರತೆಯನ್ನು ನೀಗಿದವು. ೧೯೯೦ರ ದಶಕದ ಕೊನೆಯಿಂದ ಈ ಸಾಮರ್ಥ್ಯವು ಕ್ರಮೇಣ ಗಣಕದ ಮುಖ್ಯ ಫಲಕದಲ್ಲಿಯೇ ಅಡಕವಾಯಿತು. ಹಾಗಾಗಿ ಪ್ರತ್ಯೇಕ ಕಾರ್ಡು ಈಗ ಅನಿವಾರ್ಯವಲ್ಲ. ಅದು ಆಯ್ಕೆಯ ವಿಷಯ.

ಅಳತೆಗಳ ಸಂಖ್ಯೆ ಏಕೆ ಮುಖ್ಯವೆಂಬುದಕ್ಕೆ ನಮ್ಮ ಪೂರ್ವ ಬೆಂಗಳೂರಿನಲ್ಲಿಯೇ ಉತ್ತಮ ನಿದರ್ಶನವಿದೆ. ಕೃಷ್ಣರಾಜಪುರದ ಬಳಿಯ ದೂರವಾಣಿನಗರಕ್ಕೆ ಆ ಹೆಸರು ಬಂದುದು ೧೯೪೮ರಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದ. ಸಾಂಪ್ರದಾಯಿಕ ದೂರವಾಣಿಯು ಸೆಕೆಂಡಿಗೆ ಸುಮಾರು ೩೦೦ರಿಂದ ೩,೪೦೦ ಕಂಪನಗಳವರೆಗಿನ ನಾದವನ್ನು ಮಾತ್ರ ಒಯ್ಯುತ್ತಿದ್ದಿತು. ಅದು ಅಂಕಿರೂಪಕ್ಕೆ ಬಂದಾಗ ಸೆಕೆಂಡಿಗೆ ೮,೦೦೦ ಅಳತೆಗಳು ಸಾಕೆಂದು ಗೊತ್ತುಮಾಡಲಾಯಿತು. ಅಳತೆಗಳ ಸಂಖ್ಯೆಯ ಅರ್ಧಕ್ಕಿಂತ ಕಡಿಮೆಯಾದ ಕಂಪನಗಳು ಮಾತ್ರ ದಾಖಲಾಗುತ್ತವೆಂಬುದು ಇಲ್ಲಿಯ ನಿಯಮ. ಆದರೆ ಸಕಾರದ ಶಕ್ತಿಯ ಬಹುಭಾಗವು ದೂರವಾಣಿಯ ಈ ಮಿತಿಗಿಂತ ಮೇಲಿದೆ. ಆದುದರಿಂದಲೇ ದೂರವಾಣಿಯಲ್ಲಿ ಹೊಸ ಹೆಸರೊಂದನ್ನು ಕೇಳಿದಾಗ ಅದರಲ್ಲಿರುವುದು ಸಕಾರವೋ ಉರ್ದು ಇಂಗ್ಲಿಷುಗಳ ಫಕಾರವೋ ಎಂಬ ಸಂದೇಹ ಉಂಟಾಗುತ್ತದೆ. ಸಂಭಾಷಣೆಯಲ್ಲಿ ಸಂದರ್ಭವು ಇದನ್ನು ತಿದ್ದುತ್ತದೆ. ಒಮ್ಮೆ ಮಾತ್ರ ಉಚ್ಚರಿತವಾದ ವ್ಯಕ್ತಿನಾಮಕ್ಕೆ ಅಥವಾ ಬೀದಿಯ ಹೆಸರಿಗೆ ಅಂತಹ ಆಸರೆಯಿಲ್ಲ. ತಮಿಳು, ಉರ್ದು, ತೆಲುಗು, ಕನ್ನಡ, ಇಂಗ್ಲಿಷುಗಳು ಬೆರೆತ ಈ ಪ್ರದೇಶದಲ್ಲಿ ಇತಿಹಾಸಕಾರನಿಗೆ ಬೇಕಾದುದು ಎಷ್ಟೋ ಸಲ ಅದೇ. ವೃದ್ಧರೊಬ್ಬರು ಹಲಸೂರು ಎಂದರೋ ಅಲಸೂರು ಎಂದರೋ ಎಂಬ ಸೂಕ್ಷ್ಮವೂ ಒಂದು ಸಾಕ್ಷ್ಯ. ದುರ್ಬಲವಾದ ಹಕಾರವು ಸ್ವಲ್ಪ ಗದ್ದಲದಲ್ಲಿಯೇ ಅಳಿಸಿಹೋಗುತ್ತದೆ.

ಹಾಗಾದರೆ ಗಣಕದೊಳಗಿನ ಸಾಧನವು ಅಸಮರ್ಥವೇ? ಅಂಕಿಗಳ ದೃಷ್ಟಿಯಿಂದ ಹಾಗೆ ಹೇಳಲಾಗದು. ಸೆಕೆಂಡಿಗೆ ೪೪,೧೦೦ ಅಳತೆ, ೧೬ ಬಿಟ್ಟು ಎಂಬ ಸಿ.ಡಿ.ಯ ಪ್ರಮಾಣವನ್ನು ಅದು ಸುಲಭವಾಗಿ ಮುಟ್ಟುತ್ತದೆ. ೧೬ ಬಿಟ್ಟಿನಲ್ಲಿ ಅತಿ ಮೆಲ್ಲನೆಯ ಮತ್ತು ಅತಿ ಗಟ್ಟಿಯಾದ ಧ್ವನಿಗಳ ಅಂತರ ಸುಮಾರು ೯೬ ಡೆಸಿಬೆಲ್ ಇರಬಲ್ಲುದು. ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಅದು ೫೦-೬೦ನ್ನು ಮೀರುವುದು ಕಷ್ಟ. ದೋಷವಿರುವುದು ಬೇರೆಡೆಯಲ್ಲಿ. ಮೊದಲನೆಯದಾಗಿ, ಅನೇಕ ಲ್ಯಾಪ್‌ಟಾಪುಗಳಲ್ಲಿ ಲೈನ್ ಇನ್ ಎಂಬ ರಂಧ್ರವೇ ಇಲ್ಲ. ಮೈಕಿನ ರಂಧ್ರಕ್ಕೆ ಟೇಪ್‌ ಡೆಕ್ಕಿನ ಪ್ರಬಲವಾದ ವಿದ್ಯುತ್ತನ್ನು ಕೊಟ್ಟರೆ ಧ್ವನಿ ಒಡೆಯುತ್ತದೆ. ಎರಡನೆಯದಾಗಿ, ಪಂಖ, ಡಿಸ್ಕು ಮೊದಲಾದವುಗಳ ವಿದ್ಯುತ್ ಕ್ಷೋಭೆಯು ಧ್ವನಿಯಲ್ಲಿ ಬೆರೆಯಬಹುದು. ಮೂರನೆಯದಾಗಿ, ಗದ್ದಲವನ್ನು ತಗ್ಗಿಸಲೆಂದು ತಂತ್ರಾಂಶವು ತಾನಾಗಿಯೇ ಮಾಡುವ ಸಂಸ್ಕಾರವು ಮೆಲುವಾದ ವ್ಯಂಜನಗಳನ್ನೂ ನುಂಗಿಬಿಡುತ್ತದೆ. ಮೂರನೆಯದಕ್ಕೆ ಕಾರ್ಡು ಬೇಕಿಲ್ಲ. ಆ ಸೌಲಭ್ಯವನ್ನು ಆರಿಸಿದರೆ ಸಾಕು.

ಕೊಳ್ಳುವ ಮೊದಲು ಒಂದು ಪರೀಕ್ಷೆಯನ್ನು ಮಾಡಬಹುದು. ಲೈನ್ ಇನ್ ಇರುವ ಗಣಕಕ್ಕೆ ಡೆಕ್ಕನ್ನು ಜೋಡಿಸಿ, ಟೇಪು ಓಡದಂತೆ ಒಂದು ನಿಮಿಷ ಮುದ್ರಿಸಿಕೊಳ್ಳಬೇಕು. ಬಳಿಕ ಅದೇ ಮಟ್ಟದಲ್ಲಿ ಟೇಪಿನಲ್ಲಿ ಮಾತಿಲ್ಲದ ಭಾಗವನ್ನು ಓಡಿಸಿ ಮತ್ತೊಂದು ನಿಮಿಷ ಮುದ್ರಿಸಬೇಕು. ಎರಡನೆಯದರ ಸದ್ದು ಮೊದಲನೆಯದಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ, ಕೇಳಿಬರುವ ಗದ್ದಲವು ಬಹುಮಟ್ಟಿಗೆ ಟೇಪಿನದು. ಅದನ್ನು ಹೊಸ ಕಾರ್ಡು ಹೋಗಲಾಡಿಸದು. ಎರಡೂ ಸಮನಾಗಿದ್ದರೆ ಗಣಕದ ಸಾಧನವನ್ನು ಸಂದೇಹಿಸಬಹುದು.

ಈ ವಿವೇಚನೆಯಿಂದ ನಮ್ಮ ಅಭಿಪ್ರಾಯವು ಹೀಗಿದೆ. ಧ್ವನಿಯನ್ನು ಕೇಳಿ ಬರೆದುಕೊಳ್ಳುವ ವಿದ್ಯಾರ್ಥಿಗಳ ಗಣಕಗಳಿಗೆ ಪ್ರತ್ಯೇಕ ಕಾರ್ಡು ಅನಾವಶ್ಯಕ. ಅವರಿಗೆ ಒಳ್ಳೆಯ ಹೆಡ್‌ಫೋನು ಹೆಚ್ಚು ಉಪಕಾರಿ. ಹಳೆಯ ಟೇಪುಗಳನ್ನು ಶಾಶ್ವತವಾಗಿ ಪ್ರತಿಮಾಡುವ ಒಂದು ಗಣಕಕ್ಕೆ ಮಾತ್ರ ವೆಚ್ಚವು ಸಾರ್ಥಕ. ಅಲ್ಲಿಯೂ ಒಳಗೆ ಕೂರಿಸುವ ಕಾರ್ಡಿಗಿಂತ, ಲೈನ್ ಇನ್ ಉಳ್ಳದ್ದಾಗಿ ಯುಎಸ್‌ಬಿ ತಂತಿಯಿಂದ ಹೊರಗೆ ಜೋಡಿಸುವ ಸಾಧನವೇ ಮೇಲು. ಅದು ಗಣಕದೊಳಗಿನ ಕ್ಷೋಭೆಯಿಂದ ದೂರವಿರುತ್ತದೆ, ಗಣಕ ಬದಲಾದರೂ ಉಳಿಯುತ್ತದೆ. ಧ್ವನಿ ಭಂಡಾರಗಳ ಅಂತರರಾಷ್ಟ್ರೀಯ ಸಂಘವು ಸಂರಕ್ಷಣೆಗೆ ಕನಿಷ್ಠ ೪೮,೦೦೦ ಅಳತೆ, ೨೪ ಬಿಟ್ಟು ಇರಬೇಕೆಂದು ಸೂಚಿಸುತ್ತದೆ. ಈ ಪ್ರಮಾಣದಲ್ಲಿ ಒಂದು ಗಂಟೆಯ ಏಕವಾಹಿನಿ ಮಾತಿಗೆ ಸುಮಾರು ೫೧೮ ಮೆಗಾಬೈಟುಗಳ ಸ್ಥಳ ಸಾಕು.

ಆದರೆ ಇದಕ್ಕೂ ಮೊದಲು ವ್ಯಯಮಾಡಬೇಕಾದುದು ಡೆಕ್ಕಿನ ದುರಸ್ತಿಗೆ. ಅದರ ಹೆಡ್ಡು ಕೊಳೆಯಾಗಿದ್ದರೆ ಅಥವಾ ಓರೆಯಾಗಿದ್ದರೆ ಸಕಾರ ಶಕಾರಗಳು ಟೇಪಿನಿಂದ ಹೊರಬರುವುದೇ ಇಲ್ಲ. ಬಾರದ ಧ್ವನಿಯನ್ನು ಯಾವ ಕಾರ್ಡೂ ಅಳೆಯಲಾರದು. ಹೊಸ ಸಂದರ್ಶನಗಳಿಗೂ ಈ ಮಾತು ಅನ್ವಯಿಸುತ್ತದೆ. ೨೦೧೧ರಿಂದ ಹಲಸೂರು, ಇಂದಿರಾನಗರಗಳಲ್ಲಿ ಮೆಟ್ರೊ ರೈಲು ಸೇತುವೆಯ ಮೇಲೆ ಸಂಚರಿಸುತ್ತಿದೆ. ಅಲ್ಲಿ ಕಿಟಕಿಯನ್ನು ಮುಚ್ಚಿ ಮೈಕನ್ನು ಮಾತನಾಡುವವರ ಸಮೀಪಕ್ಕೆ ಸರಿಸುವುದರಿಂದ ಆಗುವ ಲಾಭವು ದುಬಾರಿಯಾದ ಕಾರ್ಡಿನಿಂದ ಆಗದು. ಮಾತು ಸ್ಫುಟವಾಗಿ ಸಾಧನವನ್ನು ತಲಪುವಂತೆ ಮಾಡುವುದು ಮೊದಲ ಕರ್ತವ್ಯ. ತಲಪಿದುದನ್ನು ಕೆಡದಂತೆ ಬರೆದಿಡುವುದು ಕಾರ್ಡಿನ ಕೆಲಸ.