ಒಂದೇ ಗಾಡಿ, ಎರಡು ನಾಮಧೇಯ

ಸಾಯಂಕಾಲ ಆರು ಘಂಟೆಯ ಮೇಲೆ ಹೆಬ್ಬಾಳದ ಮೇಲ್ಸೇತುವೆಯನ್ನು ದಾಟಿ ಯಲಹಂಕದ ಕಡೆಗೆ ಹೋಗಬೇಕಾದ ವಾಚಕರಿಗೆ, ಮುಂದೆ ನಿಂತ ಮೋಟಾರುಗಳ ಬೆನ್ನನ್ನು ಓದುವುದಕ್ಕೆ ಬೇಕಾದಷ್ಟು ಕಾಲಾವಕಾಶವು ದೊರೆಯುತ್ತದೆ. ಅವುಗಳ ಪೈಕಿ, ನೆಲದಿಂದ ಎತ್ತರವಾಗಿ ನಿಂತು ಉದ್ದದಲ್ಲಿ ಮಾತ್ರ ಮಿತವಾದ ಒಂದು ಬಗೆಯ ಗಾಡಿಯು ಈಚೆಗೆ ಬಹುವಾಗಿ ಕಣ್ಣಿಗೆ ಬೀಳುವುದು. ಕಾಂಪ್ಯಾಕ್ಟ್ ಎಸ್‌ಯುವಿ ಎಂದು ಅದಕ್ಕೆ ಪೇಟೆಯ ಹೆಸರು. ಒಂದರ ಬೆನ್ನ ಮೇಲೆ ಟೊಯೋಟಾ ಹೈರೈಡರ್ ಎಂದೂ, ಪಕ್ಕದ್ದರ ಮೇಲೆ ಗ್ರ್ಯಾಂಡ್ ವಿಟಾರಾ ಎಂದೂ ಬರೆದಿರುತ್ತದೆ. ಮೊದಲನೆಯದನ್ನು ಕೊಂಡವರು ಎರಡನೆಯದನ್ನು ಕೊಂಡವರೊಡನೆ ಇವುಗಳ ತಾರತಮ್ಯವನ್ನು ಕುರಿತು ಬಹು ಶ್ರದ್ಧೆಯಿಂದ ವಾದಿಸುವುದನ್ನು ನಾವು ಕೇಳಿದ್ದೇವೆ. ಆದರೆ ಮುಖದ ಅಲಂಕಾರವನ್ನು ತೆಗೆದಿಟ್ಟರೆ ಎರಡೂ ಒಂದೇ ಗಾಡಿ. ಎರಡರ ತಯಾರಿಕೆಯೂ ಆರಂಭವಾದದ್ದು ಮೈಸೂರು ರಸ್ತೆಯ ಬಿಡದಿಯ ಒಂದೇ ಕಾರ್ಖಾನೆಯಲ್ಲಿ, 2022ನೆಯ ಇಸವಿಯಲ್ಲಿ. ಹೀಗೆ ಕನ್ನಡ ನೆಲದಲ್ಲಿ ಹುಟ್ಟಿದ ಈ ವಾಹನದಲ್ಲಿ ನಮ್ಮದೆಂಬುದು ಎಷ್ಟು ಎಂಬ ಪ್ರಶ್ನೆಯು ವಿಚಾರಾರ್ಹವಾದುದು.

ಪ್ರಶ್ನೆಯೇನೋ ಹಳೆಯದೇ. ಹೆಬ್ಬಾಳದಿಂದ ಯಲಹಂಕ, ದೇವನಹಳ್ಳಿಗಳ ಮೇಲೆ ಉತ್ತರಕ್ಕೆ ಸಾಗುವ ಇದೇ ದಾರಿಯು ಚಿಕ್ಕಬಳ್ಳಾಪುರವನ್ನು ಮುಟ್ಟುವುದು. ಅದರ ಸಮೀಪದ ಮುದ್ದೇನಹಳ್ಳಿಯೇ ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮಸ್ಥಳ. ದಿವಾನಗಿರಿಯನ್ನು ಬಿಟ್ಟು ಹದಿನೈದು ವರ್ಷಗಳು ಕಳೆದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಆ ಮಹನೀಯರು ಯೂರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ನೋಡಿಬಂದು, ಇಂಡಿಯಾದಲ್ಲಿಯೇ ಮೋಟಾರು ತಯಾರಿಸತಕ್ಕ ಒಂದು ಯೋಜನೆಯನ್ನು ಸಿದ್ಧಪಡಿಸಿದರು. 1937ರಲ್ಲಿ ಅಧಿಕಾರಕ್ಕೆ ಬಂದ ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲವು ಸಹಾನುಭೂತಿಯನ್ನು ತೋರಿತು. 1939ರಲ್ಲಿ ಅದೇ ರಾಜೀನಾಮೆ ಕೊಟ್ಟು ಹೊರಟಿತು. ಉದ್ಯಮಿ ವಾಲಚಂದ್ ಹೀರಾಚಂದರು ಯೋಜನೆಗೆ ಹೆಗಲು ಕೊಟ್ಟರೂ, ಯುದ್ಧಕಾಲದ ಬ್ರಿಟಿಷ್ ಇಂಡಿಯಾ ಸರ್ಕಾರವು ಬೆಂಬಲ ನೀಡಲೊಪ್ಪಲಿಲ್ಲ. ವಿಧಿಯ ವಿನೋದವನ್ನು ನೋಡಿರಿ: ಮೋಟಾರು ಬಾರದ ಬೆಂಗಳೂರಿಗೆ ಅದೇ ವಾಲಚಂದರ ಉದ್ಯೋಗದಿಂದ 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯೇ ಬಂದಿತು! ಅವರ ಮೋಟಾರು ಕಂಪೆನಿ ಪ್ರೀಮಿಯರ್ ಆಟೋಮೊಬೈಲ್ಸ್ 1944ರಲ್ಲಿ ಸ್ಥಾಪಿತವಾಗಿ, ಮುಂಬಯಿಯ ಕುರ್ಲಾದಲ್ಲಿ ನೆಲೆಗೊಂಡಿತು.

ಬಳಿಕ ಅರ್ಧ ಶತಮಾನಕ್ಕೂ ಮೇಲೆ ಕಾಯಬೇಕಾಯಿತು. 1888ರಲ್ಲಿ ಬೆಳಗಾವಿಯಲ್ಲಿ ಬೈಸಿಕಲ್ ಅಂಗಡಿಯನ್ನಿಟ್ಟು, ಮುಂದೆ ಕಬ್ಬಿಣದ ನೇಗಿಲನ್ನು ಮಾಡಿ ಮಾರಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ ನಾಲ್ಕನೆಯ ತಲೆಮಾರಿನ ವಿಕ್ರಮ ಕಿರ್ಲೋಸ್ಕರರು ಜಪಾನಿನ ಟೊಯೋಟಾ ಕಂಪೆನಿಯೊಡನೆ ಸೇರಿ 1997ರಲ್ಲಿ ಬಿಡದಿಯಲ್ಲಿ ಜಂಟಿ ಉದ್ಯಮವನ್ನು ಸ್ಥಾಪಿಸಿದರು. 1999ರ ಡಿಸೆಂಬರಿನಲ್ಲಿ ತಯಾರಿಕೆ ಆರಂಭವಾಯಿತು. ಮೊದಲು ಹೊರಬಂದ ಕ್ವಾಲಿಸ್ ಗಾಡಿಯು ಇಂಡೋನೇಷ್ಯಾದಲ್ಲಿ ಓಡಾಡುತ್ತಿದ್ದ ಕಿಜಾಂಗ್ ಎಂಬುದರ ರೂಪಾಂತರ. ಬಾಡಿಗೆ ಮೋಟಾರಿನವರು ಅದನ್ನು ಅಭಿಮಾನದಿಂದ ಬರಮಾಡಿಕೊಂಡರು. 2005ರಲ್ಲಿ ಇನೋವಾ ಅದರ ಸ್ಥಾನಕ್ಕೆ ಬಂದಿತು. ಇಂಡಿಯಾವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಎಟಿಯೋಸ್ ಎಂಬ ಸಣ್ಣ ಗಾಡಿಗಾಗಿ 2010ರಲ್ಲಿ ಎರಡನೆಯ ಕಾರ್ಖಾನೆಯೇ ಎದ್ದಿತಾದರೂ, ಜನರು ಅದನ್ನು ಟ್ಯಾಕ್ಸಿಯೆಂದೇ ಎಣಿಸಿದರು. 2020ರಲ್ಲಿ ಅದು ಕಣ್ಮರೆಯಾಯಿತು.

ಇಷ್ಟರಲ್ಲಿ ಪೇಟೆಯ ರುಚಿ ಬದಲಾಗಿದ್ದಿತು. ಇದಕ್ಕೆ ಅರ್ಧ ಕಾರಣ ನಮ್ಮ ರಸ್ತೆಗಳ ಹಳ್ಳಗಳೂ ಉಬ್ಬುಗಳೂ. ಇನ್ನರ್ಧ ಕಾರಣ ದೆಹಲಿಯ ಅರ್ಥಖಾತೆ. 2006ರ ಮುಂಗಡಪತ್ರದಲ್ಲಿ, ನಾಲ್ಕು ಮೀಟರಿಗೆ ಮೀರದ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇಕಡ 24ರಿಂದ 16ಕ್ಕೆ ಇಳಿಸಲಾಯಿತು. ಅಂದಿನಿಂದ ಗಾಡಿಯ ಉದ್ದವನ್ನು ಇಂಜಿನಿಯರನು ನಿರ್ಧರಿಸುವುದಕ್ಕೆ ಮುಂಚೆ ಸುಂಕದ ಗುಮಾಸ್ತನು ನಿರ್ಧರಿಸುವಂತಾಯಿತು. 2013ರ ಫೋರ್ಡ್ ಇಕೋಸ್ಪೋರ್ಟ್ 3,999 ಮಿಲಿಮೀಟರ್. 2016ರ ಮಾರುತಿ ವಿಟಾರಾ ಬ್ರೆಝಾ 3,995 ಮಿಲಿಮೀಟರ್. ಗೆರೆಯನ್ನು ದಾಟಿ, ಹೆಚ್ಚು ತೆರಿಗೆ ತೆತ್ತೂ ಸ್ವಲ್ಪ ವಿಶಾಲವಾದುದನ್ನೇ ಬಯಸುವ ಗಿರಾಕಿಗಳಿಗಾಗಿ 2012ರಲ್ಲಿ ರೆನೋ ಡಸ್ಟರೂ, 2015ರಲ್ಲಿ ಹ್ಯುಂಡೈ ಕ್ರೆಟಾವೂ ಬಂದುವು. ಈ ಎರಡನೆಯ ಪಂಕ್ತಿಯಲ್ಲಿ ಟೊಯೋಟಾಕ್ಕೂ ಎಲೆಯಿರಲಿಲ್ಲ. ಮಾರುತಿಗಿದ್ದ ಎಲೆಯಲ್ಲಿ ಬಡಿಸಿದ್ದು ಅಷ್ಟಕ್ಕಷ್ಟೆ.

ಆದಕಾರಣವೇ ಜಪಾನಿನ ಈ ಎರಡು ಪ್ರತಿಸ್ಪರ್ಧಿಗಳು 2017ರಲ್ಲಿ ಕೈಕುಲುಕಿದರು. ಮಿತವ್ಯಯದ ಸಣ್ಣ ಗಾಡಿಯನ್ನು ಕಟ್ಟುವುದು ಸುಜುಕಿಯ ಕುಲವಿದ್ಯೆ. ಪೆಟ್ರೋಲನ್ನೂ ವಿದ್ಯುತ್ತನ್ನೂ ಒಂದೇ ನೊಗಕ್ಕೆ ಹೂಡುವುದು ಟೊಯೋಟಾದ ವಿದ್ಯೆ. ಮೊದಲು ಮಾರುತಿಯ ಬಲೆನೊ ಗಾಡಿಯು 2019ರಲ್ಲಿ ಗ್ಲಾಂಝಾ ಎಂದೂ, ಬ್ರೆಝಾ 2020ರಲ್ಲಿ ಅರ್ಬನ್ ಕ್ರೂಸರ್ ಎಂದೂ ಹೆಸರು ಬದಲಿಸಿಕೊಂಡು ಟೊಯೋಟಾ ಅಂಗಡಿಯಲ್ಲಿ ಕುಳಿತುವು. ಅದು ಬರಿಯ ಹಣೆಪಟ್ಟಿಯ ವ್ಯಾಪಾರ. 2022ರಲ್ಲಿ ನಡೆದುದು ಅದಕ್ಕಿಂತ ಗಟ್ಟಿಯಾದ ಕೆಲಸ. ಗಾಡಿಯ ತಳಹದಿಯೂ ಅಭಿವೃದ್ಧಿಯೂ ಸುಜುಕಿಯದು, 1,462 ಘನ ಸೆಂಟಿಮೀಟರಿನ ಸಾಧಾರಣ ಎಂಜಿನು ಸುಜುಕಿಯದೇ, ಪೂರ್ಣ ಹೈಬ್ರಿಡ್ ಯಂತ್ರಾಂಗ ಟೊಯೋಟಾದ್ದು, ಜೋಡಣೆ ಬಿಡದಿಯದು. ಜುಲೈ ತಿಂಗಳಲ್ಲಿ ಎರಡು ನಾಮಧೇಯಗಳಿಂದ ಪ್ರದರ್ಶಿತವಾಗಿ, ಸೆಪ್ಟೆಂಬರಿನಲ್ಲಿ ಮಾರಾಟಕ್ಕೆ ಬಂದಿತು. ಹೈರೈಡರ್ 4,365 ಮಿಲಿಮೀಟರ್, ಗ್ರ್ಯಾಂಡ್ ವಿಟಾರಾ 4,345: ಇಪ್ಪತ್ತು ಮಿಲಿಮೀಟರಿನ ಈ ಅಂತರವೆಲ್ಲ ಮುಖಮಂಡನದ್ದು.

ಆ ಹೈಬ್ರಿಡ್ ಯಂತ್ರದ ಮರ್ಮವನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಏಕೆಂದರೆ ಈ ಗಾಡಿಯ ಜೀವವಿರುವುದು ಅಲ್ಲಿಯೇ. ಅದರಲ್ಲಿ 1,490 ಘನ ಸೆಂಟಿಮೀಟರಿನ, ಮೂರು ಸಿಲಿಂಡರಿನ ಪೆಟ್ರೋಲು ಎಂಜಿನೊಂದುಂಟು. ಜೊತೆಗೆ ಎರಡು ವಿದ್ಯುದ್ಯಂತ್ರಗಳುಂಟು. ಒಂದು ಮುಖ್ಯವಾಗಿ ವಿದ್ಯುತ್ತನ್ನು ಹುಟ್ಟಿಸುವುದು, ಇನ್ನೊಂದು ಗಾಲಿಯನ್ನು ತಿರುಗಿಸುವುದು. ಸೂರ್ಯನ ಸುತ್ತ ಗ್ರಹಗಳು ತಿರುಗುವಂತೆ ನಡುವಿನ ಹಲ್ಲುಚಕ್ರದ ಸುತ್ತ ಸಣ್ಣ ಚಕ್ರಗಳು ತಿರುಗುವ ಏರ್ಪಾಡೊಂದು, ಎಂಜಿನ್ನಿನ ಶಕ್ತಿಯಲ್ಲಿ ಗಾಲಿಗೆಷ್ಟು, ವಿದ್ಯುತ್ತಿಗೆಷ್ಟು ಎಂಬುದನ್ನು ಕ್ಷಣಕ್ಷಣಕ್ಕೂ ಹಂಚುವುದು. ಎಂಜಿನ್ನಿನ ಸೇವನೆಯ ಕವಾಟವು ತಡವಾಗಿ ಮುಚ್ಚುವಂತೆ ಮಾಡಿರುವುದರಿಂದ, ಅನಿಲವು ಒತ್ತಲ್ಪಡುವುದಕ್ಕಿಂತ ಹೆಚ್ಚಾಗಿ ಹಿಗ್ಗಿ ಕೆಲಸ ಮಾಡುವುದು; ಎಳೆತವು ತುಸು ಕಡಮೆಯಾದರೂ ಪೆಟ್ರೋಲು ಉಳಿಯುವುದು. ಕಡಮೆಯಾದ ಎಳೆತವನ್ನು ವಿದ್ಯುತ್ತು ತುಂಬಿಕೊಡುವುದು. ಬ್ರೇಕನ್ನು ಅದುಮಿದಾಗ ವ್ಯರ್ಥವಾಗಿ ಶಾಖವಾಗುತ್ತಿದ್ದ ವೇಗದಲ್ಲಿ ಒಂದಂಶವು ಮರಳಿ ಬ್ಯಾಟರಿಗೆ ಸೇರುವುದು. ಗೋಡೆಯ ತಂತಿಗೆ ಇದನ್ನು ಕಟ್ಟಬೇಕಾಗಿಲ್ಲ. ಹೆಬ್ಬಾಳದ ಸೇತುವೆಯ ಮೇಲೆ ಮಾರು ಮಾರು ತೆವಳುವಾಗ ಎಂಜಿನು ಬಹುಪಾಲು ನಿದ್ರಿಸುತ್ತಿರುತ್ತದೆ. ಪರೀಕ್ಷೆಯಲ್ಲಿ ಲೀಟರಿಗೆ 27.97 ಕಿಲೋಮೀಟರ್ ಓಡಿತೆಂದು ಪ್ರಮಾಣಿತವಾಗಿದೆ. ಯಶವಂತಪುರದ ಸಂತೆಯ ದಿನ ಅಷ್ಟು ದೊರೆಯುವುದೆಂದು ಯಾರೂ ಆಶಿಸಬಾರದು.

ಈ ವಿದ್ಯೆಯನ್ನು ಟೊಯೋಟಾ ತನ್ನ ಪ್ರಿಯಸ್ ಗಾಡಿಯ ಮೂಲಕ ಜಪಾನಿನ ಪೇಟೆಗೆ ತಂದುದು 1997ರ ಡಿಸೆಂಬರಿನಲ್ಲಿ. ಎಂದರೆ ಬಿಡದಿಯ ಜಂಟಿ ಉದ್ಯಮ ಹುಟ್ಟಿದ ವರ್ಷವೇ. ಅದು ಬಿಡದಿಯ ಸಾಮಾನ್ಯ ಗಿರಾಕಿಗೆ ಎಟುಕುವ ಗಾಡಿಯಲ್ಲಿ ಕಾಣಿಸಿಕೊಳ್ಳುವುದಕ್ಕೆ ಇಪ್ಪತ್ತೈದು ವರ್ಷ ಹಿಡಿಯಿತು. ಅದೂ ಹದಿನೈದು ಲಕ್ಷ ರೂಪಾಯಿಗಳಿಗೆ ಮೇಲ್ಪಟ್ಟ ಬೆಲೆಗೆ! 2022ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರದೊಡನೆ ಆದ 4,100 ಕೋಟಿ ರೂಪಾಯಿಗಳ ಒಡಂಬಡಿಕೆಯು ವಿದ್ಯುತ್ ಚಾಲಕಾಂಗಗಳ ತಯಾರಿಕೆಯನ್ನು ಬಿಡದಿಗೆ ತರತಕ್ಕದ್ದೆಂಬುದು ನಮಗೆ ಸಂತೋಷದ ಸಂಗತಿ. ಆದರೆ ಅಂಗವನ್ನು ತಯಾರಿಸುವುದು ಬೇರೆ, ಅದರ ನಕ್ಷೆಯನ್ನು ಬರೆಯುವುದು ಬೇರೆ.

ಕೈಗಳ ವಿಷಯದಲ್ಲಿ ನಮ್ಮವರಿಗೆ ಕೊರತೆಯಿಲ್ಲ. ಹತ್ತನೆಯ ತರಗತಿ ಮುಗಿಸಿದ ಹಳ್ಳಿಯ ಬಡ ಹುಡುಗರಿಗಾಗಿ 2007ರಲ್ಲಿ ಬಿಡದಿಯಲ್ಲಿ ಟೊಯೋಟಾ ತಾಂತ್ರಿಕ ತರಬೇತಿ ಶಾಲೆಯು ತೆರೆಯಿತು. ಅಲ್ಲಿ ಕಲಿತವರು ಅಂತಾರಾಷ್ಟ್ರೀಯ ಕೌಶಲ ಸ್ಪರ್ಧೆಗಳಲ್ಲಿಯೂ ನಿಂತವರು. ಆ ಕೈಗಳಿಗೆ ಆಯಾಸವೂ ಉಂಟೆಂಬುದನ್ನು ಮರೆಯಲಾಗದು. 2020ರ ನವೆಂಬರಿನಲ್ಲಿ ಒಬ್ಬ ನೌಕರನ ಅಮಾನತಿನಿಂದ ಎದ್ದ ವಿವಾದವು ಮುಷ್ಕರಕ್ಕೂ ಬೀಗಮುದ್ರೆಗೂ ಹೋಗಿ ತಿಂಗಳುಗಟ್ಟಲೆ ಎಳೆಯಿತು. ಕೆಲಸದ ಹೊರೆ ಹೆಚ್ಚಾಯಿತೆಂದು ಕಾರ್ಮಿಕರೂ, ಶಿಸ್ತು ಕೆಟ್ಟಿತೆಂದು ಆಡಳಿತದವರೂ ಹೇಳಿದರು. ಪುನಃ ಗಾಡಿಗಳು ಹೊರಬಂದುವು. ಒಂದೂವರೆ ವರ್ಷದೊಳಗೆ ಹೈರೈಡರ್ ಬಂದಿತು.

ತಲೆಗಳಿಗಾದರೂ ಕೊರತೆಯುಂಟೆ? ಮರ್ಸಿಡಿಸ್ ಬೆಂಜ್ ಕಂಪೆನಿಯು ತನ್ನ ಸಂಶೋಧನಾಲಯವನ್ನು ಬೆಂಗಳೂರಿನಲ್ಲಿ ತೆರೆದುದು 1996ರಲ್ಲಿ. ಚೇತನ್ ಮೈನಿಯವರು ರೇವಾ ಎಂಬ ವಿದ್ಯುತ್ ಕಾರನ್ನು ಇದೇ ಊರಿನಿಂದ 2001ರಲ್ಲಿ ಮಾರಾಟಕ್ಕೆ ತಂದರು. ಲಂಡನ್ನಿನ ಬೀದಿಗಳಲ್ಲಿಯೂ ಅದು ಓಡಿತು. 2010ರಲ್ಲಿ ಆ ಕಂಪೆನಿಯು ಮಹೀಂದ್ರಾ ಪಾಲಾಯಿತು. ಜಗತ್ತೆಲ್ಲ ವಿದ್ಯುತ್ ಗಾಡಿಯ ಮಾತನ್ನಾಡುವ ಮುನ್ನವೇ ಅದನ್ನು ಕಟ್ಟಿದ ಊರು, ಇಂದು ಇತರರ ಗಾಡಿಗಳಿಗೆ ಲೆಕ್ಕ ಬರೆದುಕೊಡುತ್ತಿದೆ. ಸಂಬಳ ಒಳ್ಳೆಯದೇ, ಹಕ್ಕುಪತ್ರ ಮಾತ್ರ ಇನ್ನೊಬ್ಬರ ಪೆಟ್ಟಿಗೆಯಲ್ಲಿ.

ನೆಲ, ನೀರು, ವಿದ್ಯುತ್ತು, ರಿಯಾಯಿತಿಗಳನ್ನು ಕೊಡುವ ಸರ್ಕಾರವು ಪ್ರತಿಯಾಗಿ ಎಷ್ಟು ಮಂದಿಗೆ ಕೆಲಸ ದೊರೆಯುವುದೆಂದು ಮಾತ್ರವೇ ಕೇಳುವುದು ವಾಡಿಕೆ. ಎಷ್ಟು ನಕ್ಷೆಗಳು ಇಲ್ಲಿ ಬರೆಯಲ್ಪಡುವುವು, ಎಷ್ಟು ಮಂದಿ ಕನ್ನಡ ಇಂಜಿನಿಯರುಗಳು ಮುಂದಿನ ಗಾಡಿಯ ಮೊದಲನೆಯ ಸಭೆಯಲ್ಲಿ ಕುಳಿತಿರುವರು ಎಂಬುದನ್ನೂ ಇನ್ನು ಮುಂದಿನ ಒಡಂಬಡಿಕೆಯಲ್ಲಿ ಒಂದು ಕಲಮಾಗಿ ಸೇರಿಸಿ, ವರ್ಷಕ್ಕೊಮ್ಮೆ ಅದರ ವರದಿಯನ್ನು ಶಾಸನಸಭೆಯ ಮುಂದಿಡಬೇಕೆಂದು ಕೈಗಾರಿಕಾ ಖಾತೆಯ ಅಧಿಕಾರಿಗಳನ್ನು ನಾವು ಕೇಳುತ್ತೇವೆ.