ಹೊಗೆಸೊಪ್ಪು ನುಡಿದ ಸಾಕ್ಷಿ

ಆಷಾಢ ಕಳೆಯುವ ಹೊತ್ತಿಗೆ ಹ್ಯಾಂಡ್‌ಪೋಸ್ಟ್ ಎಂಬ ಊರಿನ ಸುತ್ತಲಿನ ಹೊಲಗಳಲ್ಲಿ ಹೊಗೆಸೊಪ್ಪಿನ ಕುಡಿ ಮುರಿಯುವ ಕೆಲಸ ಜೋರಾಗುತ್ತದೆ. ಎದೆಮಟ್ಟ ಬೆಳೆದ ಗಿಡದ ತುದಿಯಲ್ಲಿ ನಸುಗೆಂಪು ಹೂ ಕಾಣಿಸಿತೆಂದರೆ ಆ ತಲೆಯನ್ನು ಹೆಬ್ಬೆರಳಿನಿಂದ ಒತ್ತಿ ಪಟ್ಟನೆ ಮುರಿಯಬೇಕು. ಎಲೆಯ ರೋಮಗಳಿಂದ ಒಸರುವ ಅಂಟು ಮೆತ್ತಿ ಮಧ್ಯಾಹ್ನದ ಹೊತ್ತಿಗೆ ಅಂಗೈ ಕಪ್ಪಾಗಿರುತ್ತದೆ. ಸೋಪು ಹಾಕಿ ಎಷ್ಟು ಉಜ್ಜಿದರೂ ಉಣ್ಣುವ ಮುದ್ದೆಗೆ ಕಹಿ ಹತ್ತುತ್ತದೆ.

ಕುಡಿ ಹೋದ ಕೆಲವೇ ದಿನಗಳಲ್ಲಿ ಎಲೆಗಳ ಕಂಕುಳಲ್ಲಿ ಮಲಗಿದ್ದ ಮೊಗ್ಗುಗಳು ಒಂದೊಂದಾಗಿ ಏಳುತ್ತವೆ. ಹಾಗೇ ಬಿಟ್ಟರೆ ಎಲೆಗೆ ಸೇರಬೇಕಾದ ಸಾರವನ್ನೆಲ್ಲ ಅವೇ ಎಳೆದುಕೊಂಡುಬಿಡುತ್ತವೆ. ಆಮೇಲೆ ಸೊಪ್ಪು ಒಣಗಿಸುವ ಬ್ಯಾರನ್‌ನಿಂದ ಇಳಿಸಿದ ಎಲೆ ತೂಕಕ್ಕೆ ಬರುವುದಿಲ್ಲ. ಹಾಗಾಗಿ ಮೊಗ್ಗನ್ನು ಕೈಯಲ್ಲಿ ಕೀಳುತ್ತಾರೆ, ಇಲ್ಲವೇ ಡೆಕನಾಲ್ ಎಂಬ ಔಷಧಿಯನ್ನು ಕಾಂಡದ ಗುಂಟ ಇಳಿಬಿಡುತ್ತಾರೆ.

ತಲೆ ಇರುವಷ್ಟು ದಿನ ಸುಮ್ಮನಿದ್ದ ಮೊಗ್ಗಿಗೆ ತಲೆ ಹೋದ ಸುದ್ದಿ ಹೇಗೆ ಮುಟ್ಟಿತು? ಕುಡಿಯಲ್ಲಿ ತಯಾರಾಗಿ ಕೆಳಕ್ಕೆ ಹರಿಯುವ ಆಕ್ಸಿನ್ ಎಂಬ ಹಾರ್ಮೋನು ನಿಂತುಹೋದದ್ದೇ ಆ ಸುದ್ದಿ. ಇದನ್ನು 1930ರ ದಶಕದಲ್ಲಿ ಕೆನೆತ್ ಥೀಮನ್ ಮತ್ತು ಫೋಕೆ ಸ್ಕೂಗ್ ಅಮೆರಿಕದಲ್ಲಿ ತೋರಿಸಿಕೊಟ್ಟರು. ದ್ವಿದಳ ಜಾತಿಯ ಗಿಡವೊಂದರ ಕುಡಿ ಕತ್ತರಿಸಿ ಆ ಗಾಯಕ್ಕೆ ಆಕ್ಸಿನ್ ಹಚ್ಚಿದರು. ಕಂಕುಳ ಮೊಗ್ಗುಗಳು ಏಳಲಿಲ್ಲ.

ಸುದ್ದಿ ಯಾವುದೆಂದು ತಿಳಿಯಿತು. ಅದನ್ನು ಕೇಳಿಸಿಕೊಳ್ಳುವ ಕಿವಿ ಎಲ್ಲಿದೆ ಎಂದು ತಿಳಿಯಲು ಇನ್ನೂ ಎಪ್ಪತ್ತು ವರ್ಷ ಬೇಕಾಯಿತು. ಆ ಹುಡುಕಾಟದ ನಡುವೆ ಸಾಕ್ಷಿ ಹೇಳಲು ಬಂದದ್ದು ಇದೇ ಹೊಗೆಸೊಪ್ಪು.

1972ರಲ್ಲಿ ಹರ್ಟೆಲ್, ಥಾಮ್ಸನ್ ಮತ್ತು ರುಸ್ಸೊ ಮುಸುಕಿನ ಜೋಳದ ಮೊಳಕೆಯನ್ನು ಅರೆದು, ಕೋಶದ ಪೊರೆಯ ಚೂರುಗಳಿಗೆ ಆಕ್ಸಿನ್ ಅಂಟಿಕೊಳ್ಳುವುದನ್ನು ಕಂಡರು. ಅಂಟಿಸಿಕೊಳ್ಳುತ್ತಿದ್ದ ಪ್ರೊಟೀನನ್ನು 1985ರಲ್ಲಿ ಜರ್ಮನಿಯ ಲೋಬ್ಲರ್ ಮತ್ತು ಕ್ಲೆಂಬ್ಟ್ ಶುದ್ಧವಾಗಿ ಬೇರ್ಪಡಿಸಿದರು. ಮುಂದೆ ಅದಕ್ಕೆ ಎಬಿಪಿ1 ಎಂಬ ಹೆಸರು ನಿಂತಿತು. ಅಂಟಿಸಿಕೊಂಡ ಮಾತ್ರಕ್ಕೆ ಅದನ್ನು ಗ್ರಾಹಿ, ಅಂದರೆ ಸುದ್ದಿ ಕೇಳುವ ಕಿವಿ, ಎನ್ನಲಾಗದು. ಬೇಲಿಗೂ ಧೂಳು ಅಂಟುತ್ತದೆ. ಅಂಟಿದ್ದರಿಂದ ಕೋಶದೊಳಗೆ ಏನಾದರೂ ಆಗಬೇಕು.

ಅದನ್ನು ಪರೀಕ್ಷಿಸಲು ಸಿಕ್ಕ ಉಪಕರಣವೇ ಪ್ರತಿಕಾಯ. ಗಿಡಗಳ ಮೈಯಲ್ಲಿ ಪ್ರತಿಕಾಯ ಹುಟ್ಟುವುದಿಲ್ಲ, ಪ್ರಾಣಿಯ ರಕ್ತದಿಂದ ಕಡ ತರಬೇಕು. ಬೇರ್ಪಡಿಸಿದ ಪ್ರೊಟೀನನ್ನು ಪ್ರಾಣಿಗೆ ಚುಚ್ಚಿದರೆ ಅದರ ದೇಹ ಈ ಹೊರಗಿನ ವಸ್ತುವಿನ ಮೈಕಟ್ಟನ್ನು ಗುರುತಿಟ್ಟುಕೊಂಡು, ಅದಕ್ಕೇ ಹೋಗಿ ಕಚ್ಚುವ ಪ್ರತಿಕಾಯಗಳನ್ನು ಮಾಡುತ್ತದೆ. ಅವನ್ನು ಗಿಡದ ಕೋಶಕ್ಕೆ ಬಿಟ್ಟರೆ ಸಾವಿರಾರು ಪ್ರೊಟೀನುಗಳ ಸಂತೆಯಲ್ಲೂ ಬೇಕಾದ ಒಂದನ್ನೇ ಹಿಡಿದು ನಿಲ್ಲುತ್ತವೆ.

1989ರಲ್ಲಿ ಫ್ರಾನ್ಸಿನ ಎಲೆನ್ ಬಾರ್ಬಿಯೆ-ಬ್ರಿಗೂ ಮತ್ತು ಸಂಗಡಿಗರು ಹೊಗೆಸೊಪ್ಪಿನ ಎಲೆಯನ್ನು ಕಿಣ್ವದ ದ್ರಾವಣದಲ್ಲಿ ನೆನೆಸಿ ಕೋಶಗಳ ಗೋಡೆ ಕರಗಿಸಿದರು. ಉಳಿದದ್ದು ಬರಿಯ ಪೊರೆಯ ದುಂಡನೆಯ ಹಸಿರು ಕೋಶ, ಸೂಕ್ಷ್ಮದರ್ಶಕದಡಿ ಎಳೆ ಬಟಾಣಿಯ ಹಾಗೆ. ಅದಕ್ಕೆ ಕೂದಲಿಗಿಂತ ಎಷ್ಟೋ ಸಣ್ಣ ಮೊನೆಯ ಗಾಜಿನ ಸೂಜಿ ಚುಚ್ಚಿ ಪೊರೆಯ ಒಳಹೊರಗಿನ ವೋಲ್ಟೇಜ್ ಅಳೆದರು. ಆಕ್ಸಿನ್ ಹನಿಸಿದಾಗ ವೋಲ್ಟೇಜ್ ಕೆಲವು ಮಿಲಿವೋಲ್ಟ್ ಕೆಳಗಿಳಿಯಿತು. ಅಂದರೆ ಕೋಶಕ್ಕೆ ಸುದ್ದಿ ಕೇಳಿಸಿತ್ತು. ಜೋಳದ ಪ್ರೊಟೀನಿಗೆ ಎದ್ದ ಪ್ರತಿಕಾಯವನ್ನು ಮೊದಲು ಬಿಟ್ಟು ಆಮೇಲೆ ಆಕ್ಸಿನ್ ಹನಿಸಿದಾಗ ಕೋಶ ಅಲುಗಲಿಲ್ಲ. ಪ್ರತಿಕಾಯ ದೊಡ್ಡ ಗಾತ್ರದ್ದು, ಪೊರೆ ದಾಟಿ ಒಳಹೋಗಲಾರದು. ಹಾಗಾದರೆ ಅದು ಮುಚ್ಚಿದ ಕಿವಿ ಕೋಶದ ಹೊರಮೈಯಲ್ಲೇ ಇರಬೇಕು.

1992ರಲ್ಲಿ ಇಂಗ್ಲೆಂಡಿನ ಮೈಕೆಲ್ ವೆನಿಸ್ ಮತ್ತು ರಿಚರ್ಡ್ ನೇಪಿಯರ್ ಇನ್ನೂ ಮುಂದೆ ಹೋದರು. ಪ್ರೊಟೀನಿನಲ್ಲಿ ಆಕ್ಸಿನ್ ಕೂರುತ್ತದೆಂದು ಊಹಿಸಿದ್ದ ಪುಟ್ಟ ತುಣುಕಿಗಷ್ಟೇ ಪ್ರತಿಕಾಯ ಮಾಡಿಸಿದರು. ಅದನ್ನು ಹೊಗೆಸೊಪ್ಪಿನ ಕೋಶಕ್ಕೆ ಬಿಟ್ಟರೆ ಕಿವಿ ಮುಚ್ಚಲಿಲ್ಲ, ತಾನೇ ಆಕ್ಸಿನ್‌ನಂತೆ ಕೂಗಿತು! ಬೀಗಕ್ಕೆ ಬೇರೆಯದೇ ಲೋಹದ ಕೀಲಿ ಹಾಕಿ ತೆಗೆದಂತಹ ಪ್ರಯೋಗವದು. ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಅನುಮಾನಗಳೂ ಇದ್ದವು. ಎಬಿಪಿ1ರ ಬಾಲದಲ್ಲಿ ನಾಲ್ಕು ಅಕ್ಷರದ ವಿಳಾಸವೊಂದಿದೆ. ‘ಕೋಶದ ಒಳಜಾಲದಲ್ಲೇ ಇರು, ಹೊರಗೆ ಹೋಗಬೇಡ’ ಎಂಬುದು ಅದರ ಅರ್ಥ. ಪ್ರೊಟೀನಿನ ಬಹುಪಾಲು ಇರುವುದೂ ಅಲ್ಲೇ. ಆ ಜಾಗದ ಹುಳಿಮಟ್ಟದಲ್ಲಿ ಆಕ್ಸಿನ್ ಅದಕ್ಕೆ ಸರಿಯಾಗಿ ಅಂಟುವುದೂ ಇಲ್ಲ. ಈ ನಡುವೆ 2005ರಲ್ಲಿ ಕೋಶಕೇಂದ್ರದೊಳಗಿನ ಟಿಐಆರ್1 ಎಂಬ ಪ್ರೊಟೀನು ಆಕ್ಸಿನ್ ಗ್ರಾಹಿಯೆಂದು ಎರಡು ತಂಡಗಳು ಒಟ್ಟಿಗೇ ಸಾಧಿಸಿದವು. ಅದರ ಬಗ್ಗೆ ತಕರಾರು ಉಳಿಯಲಿಲ್ಲ.

ಎಬಿಪಿ1ರ ಪರವಾಗಿ ದೊಡ್ಡ ಸಾಕ್ಷಿಗಳು ಎರಡಿದ್ದವು. ಅದರ ಜೀನ್ ಕೆಡಿಸಿದರೆ ಅರಬಿಡಾಪ್ಸಿಸ್ ಎಂಬ ಸಾಸಿವೆ ಕುಲದ ಗಿಡದ ಭ್ರೂಣವೇ ಸಾಯುತ್ತದೆ ಎಂದು 2001ರಲ್ಲಿ ವರದಿಯಾಗಿತ್ತು. ಇನ್ನೊಂದು ಸಾಕ್ಷಿ ಮತ್ತೆ ಪ್ರತಿಕಾಯದ್ದೇ. ಕ್ಯಾಥರೀನ್ ಪೆರೊ-ರೆಷೆನ್‌ಮನ್ ಅವರ ತಂಡ ಎಬಿಪಿ1ನ್ನು ಹಿಡಿಯುವ ಪ್ರತಿಕಾಯದ ತುಣುಕಿನ ಜೀನನ್ನೇ ಹೊಗೆಸೊಪ್ಪಿನ ಕೋಶಕ್ಕೆ ಸೇರಿಸಿತು. ಈಗ ಪ್ರತಿಕಾಯ ಹೊರಗಿನಿಂದ ಬರಬೇಕಿರಲಿಲ್ಲ, ಕೋಶ ತಾನೇ ಮಾಡಿಕೊಳ್ಳುತ್ತಿತ್ತು. ಕೋಶ ವಿಭಜನೆ ನಿಂತಿತು. ಅರಬಿಡಾಪ್ಸಿಸ್‌ನಲ್ಲಿ ಹೀಗೆ ಮಾಡಿದಾಗಲೂ ಗಿಡ ಮುರುಟಿತು.

2015ರಲ್ಲಿ ಅಮೆರಿಕದ ಯುಂಡೆ ಝಾವೊ ಅವರ ತಂಡ ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಎಬಿಪಿ1 ಜೀನನ್ನಷ್ಟೇ ಕೆಡಿಸಿತು. ಗಿಡ ಸತ್ತಿತೆ? ಇಲ್ಲ, ಪಕ್ಕದ ಗಿಡದಷ್ಟೇ ಸೊಂಪಾಗಿ ಬೆಳೆದು ಹೂಬಿಟ್ಟಿತು. ಹಿಂದೆ ಭ್ರೂಣ ಸಾಯಲು ನೆರೆಯ ಜೀನ್‌ಗೆ ಬಿದ್ದ ಪೆಟ್ಟೇ ಕಾರಣವೆಂದು ಅದೇ ವರ್ಷ ತಿಳಿಯಿತು. ಮೂವತ್ತು ವರ್ಷದ ಕೆಲಸ ಒಂದೇ ವರ್ಷದಲ್ಲಿ ಅಲುಗಾಡಿತು.

ಪ್ರತಿಕಾಯದ ಸಾಕ್ಷಿ ಇನ್ನೂ ಉಳಿದಿತ್ತು. 2016ರಲ್ಲಿ ಆಸ್ಟ್ರಿಯದ ಯಿರ್ಷಿ ಫ್ರಿಮ್ಲ್ ಅವರ ತಂಡ ಅದನ್ನೂ ಪರೀಕ್ಷೆಗೆ ಹಿಡಿಯಿತು. ಒಳಗೇ ಪ್ರತಿಕಾಯ ಮಾಡುವ ಗಿಡಗಳಲ್ಲಿ ಎಬಿಪಿ1 ಜೀನನ್ನೂ ಕೆಡಿಸಿದರು. ಹಿಡಿಯಬೇಕಾದ ಪ್ರೊಟೀನೇ ಇಲ್ಲ. ಆದರೂ ಗಿಡ ಮೊದಲಿನಂತೆಯೇ ಮುರುಟಿತು. ಪ್ರತಿಕಾಯದ ತುಣುಕು ಬೇರೇನನ್ನೋ ಕೆಡಿಸುತ್ತಿತ್ತು. ಈ ಫಲಿತಾಂಶವನ್ನು ವರದಿ ಮಾಡಿದ ಸಂಶೋಧನಾ ಪ್ರಬಂಧದ ಲೇಖಕರಲ್ಲಿ ಪೆರೊ-ರೆಷೆನ್‌ಮನ್ ಅವರ ಹೆಸರೂ ಇದೆ. ವರ್ಷಗಟ್ಟಲೆ ತಾವೇ ಕಟ್ಟಿದ ಸಾಕ್ಷ್ಯವನ್ನು ಬೀಳಿಸುವ ಕೆಲಸಕ್ಕೆ ತಾವೇ ಕೈಜೋಡಿಸಿದ್ದರು. ಇಡೀ ಕತೆಯಲ್ಲಿ ನಾನು ತಲೆಬಾಗುವುದು ಈ ಜಾಗದಲ್ಲಿ.

ಅಲ್ಲಿಗೆ ಎಬಿಪಿ1ರ ಕತೆ ಮುಗಿಯಿತೆಂದು ಬಹಳ ಜನ ಭಾವಿಸಿದರು. ಫ್ರಿಮ್ಲ್ ತಂಡ ಬಿಡಲಿಲ್ಲ. ಎಬಿಪಿ1 ಇಲ್ಲದ ಗಿಡಗಳನ್ನೇ ಮುಂದಿಟ್ಟುಕೊಂಡು, ಅವಕ್ಕೆ ಏನು ಬಾರದು ಎಂದು ಹುಡುಕಿತು. 2022ರಲ್ಲಿ ಉತ್ತರ ಸಿಕ್ಕಿತು. ಕೋಶದ ಹೊರಮೈಯಲ್ಲಿ ಎಬಿಪಿ1, ಟಿಎಂಕೆ1 ಎಂಬ ಇನ್ನೊಂದು ಪ್ರೊಟೀನಿನ ಜೊತೆಗೂಡಿ ಆಕ್ಸಿನ್‌ನ ಕರೆಯನ್ನು ಕ್ಷಿಪ್ರವಾಗಿ ಒಳಕ್ಕೆ ದಾಟಿಸುತ್ತದೆ. ಸುಮ್ಮನೆ ಬೆಳೆಯುವ ಗಿಡದಲ್ಲಿ ಅದರ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಆದರೆ ಕಾಂಡಕ್ಕೆ ಗಾಯವಾದಾಗ, ಕಡಿದ ನಾಳಗಳು ಗಾಯವನ್ನು ಸುತ್ತಿ ಬಳಸಿ ಮತ್ತೆ ಕೂಡಿಕೊಳ್ಳಬೇಕಲ್ಲ, ಎಬಿಪಿ1 ಇಲ್ಲದ ಗಿಡಕ್ಕೆ ಅದು ಸರಿಯಾಗಿ ಆಗುವುದಿಲ್ಲ.

ಈಗ ಹೊಸ ಪ್ರತಿಕಾಯವೊಂದು ಪ್ರಯೋಗಾಲಯಕ್ಕೆ ಬಂದರೆ, ಎಚ್ಚರವಿರುವವರು ಅದನ್ನು ಮೊದಲು ಬಿಡುವುದು ಅದು ಹಿಡಿಯಬೇಕಾದ ಪ್ರೊಟೀನೇ ಇಲ್ಲದ ಗಿಡದ ಮೇಲೆ. ಅಲ್ಲಿ ಅದು ಸುಮ್ಮನಿದ್ದರೆ ಮಾತ್ರ ಮುಂದಿನ ಕೆಲಸ.