ತಂದೆಯವರು ಬಿಟ್ಟುಹೋದ ಜೀಪು

ಹಿರಿಯರು ತೀರಿಕೊಂಡ ಮನೆಗಳಲ್ಲಿ ಜಮೀನಿನ ಪಹಣಿ, ಬ್ಯಾಂಕಿನ ಸಾಲ, ಸಹಕಾರಿ ಸಂಘದ ಷೇರು ಇವುಗಳ ಮಾತು ಮೊದಲು ಬರುತ್ತದೆ. ಕೊಟ್ಟಿಗೆಯ ಪಕ್ಕದ ಷೆಡ್ಡಿನಲ್ಲಿ ನಿಂತ ಹಳೆಯ ವಾಹನದ ಮಾತು ಕೊನೆಗೆ ಬರುವುದು ವಾಡಿಕೆ. ನಮ್ಮಲ್ಲಿ ಇದು ತಿರುಗುಮುರುಗಾಯಿತು. 2021ರ ಮಳೆಗಾಲದಲ್ಲಿ ತಂದೆಯವರು ತೀರಿಕೊಂಡ ಮೇಲೆ ನಾವು ಮೂವರು ಮಕ್ಕಳು ಜಮೀನಿನ ವಿಚಾರವನ್ನು ಒಂದೇ ಸಂಜೆಯಲ್ಲಿ ಮುಗಿಸಿದೆವು. ಜೀಪಿನ ವಿಚಾರಕ್ಕೆ ಎರಡು ತಿಂಗಳು ಹಿಡಿಯಿತು. ಸದಸ್ಯ ಬಾಂಧವರಲ್ಲಿ ಹಲವರಿಗೆ ಇಂಥ ಸಂದರ್ಭ ಬಂದಿರಬಹುದು, ಇಲ್ಲವೇ ಮುಂದೆ ಬರಬಹುದು. ಆದುದರಿಂದ ನಾಲ್ಕು ಮಾತು ಬರೆಯುತ್ತಿದ್ದೇವೆ.

ಆ ಕಾಲದ ವಾಹನಗಳು

ನಮ್ಮ ತಂದೆಯವರ ಯೌವನದಲ್ಲಿ ಕಾರು ಕೊಳ್ಳಲು ಹಣವಿದ್ದರೆ ಸಾಲದು, ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯಬೇಕಿತ್ತು. ಕಲ್ಕತ್ತೆಯ ಬಳಿಯ ಉತ್ತರಪಾರಾದ ಅಂಬಾಸಡರ್, ಮುಂಬಯಿಯ ಕುರ್ಲಾದ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಆಯ್ಕೆ ಇಷ್ಟೇ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಕಾಲ ಬದಲಾಯಿತು. ಅಂಬಾಸಡರ್ ತಯಾರಿಕೆ 2014ರಲ್ಲಿ ನಿಂತೇಹೋಯಿತು.

ತೋಟದ ಕೆಲಸಕ್ಕೆ ಮಾತ್ರ ಜೀಪೇ ಆಗಬೇಕು. ನಮ್ಮದು ಮಹೀಂದ್ರಾದವರು ತಯಾರಿಸಿದ ವಿಲ್ಲಿಸ್ ಮಾದರಿಯ ಸಿ.ಜೆ. 3ಬಿ. ಅದರ ಬಾನೆಟ್ ಎತ್ತರವಾಗಿರುವುದಕ್ಕೆ ಕಾರಣವಿದೆ. ಅದರ ಎಂಜಿನ್ನಿನಲ್ಲಿ ಹೊಗೆ ಹೊರಹೋಗುವ ವಾಲ್ವ್ ಬ್ಲಾಕಿನಲ್ಲಿದ್ದು, ಗಾಳಿ ಒಳಬರುವ ವಾಲ್ವ್ ಮೇಲಿನ ಹೆಡ್ಡಿನಲ್ಲಿರುತ್ತದೆ. ಎಂಜಿನ್ ಎತ್ತರವಾದುದರಿಂದ ಬಾನೆಟ್ಟೂ ಎತ್ತರವಾಯಿತು. ಅಮೆರಿಕದಲ್ಲಿ ಈ ಮಾದರಿ 1968ರಲ್ಲಿ ನಿಂತರೂ ನಮ್ಮ ದೇಶದಲ್ಲಿ ಆಮೇಲೂ ಬಹುಕಾಲ ತಯಾರಾಯಿತು.

ತಂದೆಯವರು ಇದನ್ನು 1974ರಲ್ಲಿ ಹಳೆಯದಾಗಿಯೇ ಕೊಂಡರು. ಅದರ ಹಿಂದಿನ ವರ್ಷವೇ ಅರಬ್ ದೇಶಗಳ ತೈಲ ಬಿಕ್ಕಟ್ಟಿನಿಂದ ಪೆಟ್ರೋಲಿನ ಬೆಲೆ ಏರಿತ್ತು. ನೆರೆಹೊರೆಯವರು ಒಬ್ಬೊಬ್ಬರಾಗಿ ಡೀಸೆಲ್ ಎಂಜಿನ್ ಕೂರಿಸಿಕೊಂಡರು. ತಂದೆಯವರು ಒಪ್ಪಲಿಲ್ಲ. ‘ಡೀಸೆಲ್ಲಿನ ಗದ್ದಲದಲ್ಲಿ ಎಂಜಿನ್ ಏನು ಹೇಳುತ್ತಿದೆ ಎಂಬುದು ಕೇಳಿಸುವುದಿಲ್ಲ’ ಎಂಬುದು ಅವರ ವಾದ. ಆಗ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು, ಹಣ ಕಂತುಕಂತಾಗಿ ಬರುತ್ತಿತ್ತು. ಜೀಪಿಗೆ ಹೊಸ ಟೈರು ಯಾವಾಗ ಎಂದು ಕೇಳಿದರೆ ‘ಪೂಲಿನ ಕಂತು ಬರಲಿ’ ಎನ್ನುತ್ತಿದ್ದರು. ಸವತಿಗೆ ಟೈರು, ತನಗೆ ಕಾಫಿ ಚೀಲದ ಬಟ್ಟೆಯೇ ಎಂದು ತಾಯಿಯವರು ಆಗಾಗ ಛೇಡಿಸುತ್ತಿದ್ದರು.

ಬಾನೆಟ್ಟಿನ ಕೆಳಗಿನ ಪಾಠಶಾಲೆ

ನಮಗೆ ಮಗ್ಗಿಯ ಜೊತೆಗೇ ಬಂದ ಪಾಠ ‘ಒಂದು, ಮೂರು, ನಾಲ್ಕು, ಎರಡು’. ನಾಲ್ಕು ಸಿಲಿಂಡರುಗಳಲ್ಲಿ ಕಿಡಿ ಹಾರುವ ಕ್ರಮ ಇದು. ಜೀಪಿಗೂ ಇದೇ, ಅಂಬಾಸಡರಿಗೂ ಇದೇ, ಫಿಯೆಟ್ಟಿಗೂ ಇದೇ. ವಯರುಗಳನ್ನು ಬಿಚ್ಚಿ ಕೈಗೆ ಕೊಟ್ಟು, ಸರಿಯಾದ ಜಾಗಕ್ಕೆ ಸಿಕ್ಕಿಸಿದವರಿಗೆ ಪೇಟೆಯವರೆಗೆ ಮುಂದಿನ ಸೀಟು.

ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಡಬೇಕು, ಸುತ್ತಿ ಹಿಡಿಯಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಎಲುಬು ಮುರಿಯುತ್ತದೆ. ಆಷಾಢದ ಮಳೆಯಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ ತೇವ ಹಿಡಿದರೆ ಜೀಪು ಏಳುವುದಿಲ್ಲ. ಆಗ ಅದನ್ನು ಕಳಚಿ ಬಚ್ಚಲ ಒಲೆಯ ಹತ್ತಿರ ಬೆಚ್ಚಗಿಟ್ಟು ಒರೆಸಿ ಹಾಕಬೇಕು. ಚಾರ್ಮಾಡಿ ಘಾಟಿಯನ್ನು ಯಾವ ಗೇರಿನಲ್ಲಿ ಹತ್ತಿದೆವೋ ಅದೇ ಗೇರಿನಲ್ಲಿ ಇಳಿಯಬೇಕು. ಬ್ರೇಕನ್ನೇ ನಂಬಿ ಇಳಿದರೆ ಅದು ಕಾಯ್ದು ಕೈಕೊಡುತ್ತದೆ. ಇವೆಲ್ಲ ಅವರು ಹೇಳಿಕೊಟ್ಟವು. ಇವನ್ನು ಚೆನ್ನಾಗಿ ಕಲಿತದ್ದು ಗಂಡು ಮಕ್ಕಳಿಬ್ಬರಲ್ಲ, ನಮ್ಮ ತಂಗಿ. ಕಾರ್ಬೊರೇಟರ್ ಬಿಚ್ಚಿ ಜೋಡಿಸುವುದರಲ್ಲಿ ಅವಳಿಗೆ ಹನ್ನೆರಡನೆಯ ವಯಸ್ಸಿಗೇ ಕೈ ಪಳಗಿತ್ತು.

ಅವರದೊಂದು ನೋಟು ಪುಸ್ತಕವಿತ್ತು. ಎಡಪುಟದಲ್ಲಿ ಮಳೆಯ ಲೆಕ್ಕ ಇಂಚು, ಸೆಂಟುಗಳಲ್ಲಿ. ಬಲಪುಟದಲ್ಲಿ ಜೀಪಿನ ಲೆಕ್ಕ. ಹೂಮಳೆ ಬಿದ್ದ ದಿನದ ಎದುರಿಗೇ ‘ಪ್ಲಗ್ ಸ್ವಚ್ಛ, ಎಣ್ಣೆ ಬದಲು’ ಎಂದಿದೆ. ಮನೆಯ ಸುಖದುಃಖದ ಮಾತು ಅದರಲ್ಲಿ ಎಲ್ಲಿಯೂ ಇಲ್ಲ.

ಮಾತಿಲ್ಲದ ಎರಡು ವರ್ಷ

ನಮ್ಮಲ್ಲಿ ಹಿರಿಯವನು ತೋಟ ಬಿಟ್ಟು ಬೆಂಗಳೂರಿನ ಕೆಲಸಕ್ಕೆ ಹೋದಾಗ ತಂದೆಯವರಿಗೆ ಬಹಳ ನೋವಾಯಿತು. ಎರಡು ವರ್ಷ ತಂದೆ ಮಗ ನೇರವಾಗಿ ಕ್ಷೇಮಸಮಾಚಾರ ಕೇಳಿಕೊಂಡವರಲ್ಲ. ಆದರೆ ಭಾನುವಾರ ಬೆಳಿಗ್ಗೆ ಫೋನು ತಪ್ಪುತ್ತಿರಲಿಲ್ಲ. ‘ಜೀಪು ಹೇಗಿದೆ?’ ‘ಕ್ಲಚ್ ಸ್ವಲ್ಪ ಜಾರುತ್ತಿದೆ.’ ‘ಬೆಂಗಳೂರಿನಲ್ಲಿ ಪ್ಲೇಟ್ ಸಿಗುತ್ತದೆ, ಕಳಿಸುತ್ತೇನೆ.’ ಮಾತು ಇಷ್ಟೇ. ಬಸ್ಸಿನಲ್ಲಿ ಪೊಟ್ಟಣ ಬರುತ್ತಿತ್ತು. ತಂದೆಯವರು ಅದನ್ನು ಬಿಚ್ಚಿ, ಅಂಗಡಿಯ ರಸೀದಿಯನ್ನು ನೋಟು ಪುಸ್ತಕದೊಳಗೆ ಜೋಪಾನವಾಗಿ ಇಡುತ್ತಿದ್ದರು. ಆ ರಸೀದಿಗಳು ಒಂದೂ ಬಿಡದೆ ಈಗಲೂ ಅಲ್ಲಿವೆ.

ಕೊನೆಯ ತಿಂಗಳುಗಳಲ್ಲಿ ಅವರಿಗೆ ಜೀಪು ಹತ್ತಲು ಆಗುತ್ತಿರಲಿಲ್ಲ. ಜಗಲಿಯಲ್ಲಿ ಕುಳಿತು, ತಂಗಿ ಜೀಪು ಎಬ್ಬಿಸುವುದನ್ನು ಕೇಳುತ್ತಿದ್ದರು. ಒಂದು ದಿನ ‘ಮೂರನೆಯದು ಬಿಡುತ್ತಿದೆ’ ಎಂದರು. ಬಿಚ್ಚಿ ನೋಡಿದರೆ ಮೂರನೆಯ ಸಿಲಿಂಡರಿನ ಪ್ಲಗ್ಗೇ ಮಸಿ ಹಿಡಿದಿತ್ತು.

ಅವರು ಹೋದ ಮೇಲೆ ಜೀಪನ್ನು ಮಾರಿಬಿಡೋಣ ಎಂದವನು ಹಿರಿಯವನೇ. ಹಳೆಯ ವಾಹನ ಸಂಗ್ರಹಿಸುವವರೊಬ್ಬರು ಒಳ್ಳೆಯ ಬೆಲೆಗೆ ಕೇಳಿದ್ದರು. ಹಣಕ್ಕಾಗಿ ಅವನು ಹಾಗೆ ಹೇಳಲಿಲ್ಲವೆಂದು ನಮಗೆ ಗೊತ್ತಿತ್ತು. ಭಾನುವಾರ ಫೋನು ಮಾಡಿದರೆ ಇನ್ನು ಯಾರನ್ನು ಏನೆಂದು ಕೇಳುವುದು, ಅದು ಕಣ್ಣಿಗೆ ಬೀಳದಿರುವುದೇ ಮೇಲು ಎಂಬುದು ಅವನ ಭಾವನೆ. ಎರಡನೆಯವನಿಗೆ ಜೀಪು ಹಾಗೆಯೇ ಷೆಡ್ಡಿನಲ್ಲಿರಲಿ ಎಂಬ ಆಸೆ. ನಿಂತ ವಾಹನ ಓಡುವ ವಾಹನಕ್ಕಿಂತ ಬೇಗ ಹಾಳಾಗುತ್ತದೆ, ಓಡಿಸುವುದಾದರೆ ಇಟ್ಟುಕೊಳ್ಳೋಣ, ಇಲ್ಲವಾದರೆ ಓಡಿಸುವವರಿಗೆ ಕೊಡೋಣ ಎಂದು ತಂಗಿ ಖಡಾಖಂಡಿತವಾಗಿ ಹೇಳಿದಳು. ಕೊನೆಗೆ ಜೀಪು ಅವಳ ಹೆಸರಿಗಾಯಿತು. ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಹಳೆಯ ರಬ್ಬರು ತಾಳದೆಂದು ಇಂಧನದ ಕೊಳವೆಗಳನ್ನು ಬದಲಾಯಿಸಿದ್ದಾಳೆ. ಅವುಗಳನ್ನು ಹುಡುಕಿ ಕಳಿಸಿದವನು ಹಿರಿಯವನು.

ಸದಸ್ಯರ ಗಮನಕ್ಕೆ

ಮಾಲೀಕರು ತೀರಿಕೊಂಡರೆ ವಾಹನವನ್ನು ಬಳಸುವ ವಾರಸುದಾರರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು, 3 ತಿಂಗಳೊಳಗೆ ಫಾರಂ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು. ವಿಮೆಯನ್ನೂ ಹೆಸರಿಗೆ ಮಾಡಿಸಿಕೊಳ್ಳಬೇಕು. ಖಾಸಗಿ ವಾಹನಕ್ಕೆ 15 ವರ್ಷ ತುಂಬಿದ ಮೇಲೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಬೇಕು. 2021ರಿಂದ ನೋಂದಣಿ ಪತ್ರದಲ್ಲಿ ನಾಮಿನಿಯ ಹೆಸರು ಸೇರಿಸಲು ಅವಕಾಶವಿದೆ. ಹಿರಿಯರಿರುವಾಗಲೇ ಇದನ್ನು ಮಾಡಿಸಿದರೆ ಓಡಾಟ ತಪ್ಪುತ್ತದೆ.

ನಾಮಿನಿಯ ಹೆಸರು ಬರೆಸುವ ದಿನ ಹಿರಿಯರ ಜೊತೆ ಬಾನೆಟ್ ಎತ್ತಿ ಅರ್ಧ ಗಂಟೆ ನಿಲ್ಲಿರಿ. ಯಾವ ಸದ್ದಿಗೆ ಯಾವ ಕಾರಣವೆಂದು ಕೇಳಿ ಬರೆದಿಟ್ಟುಕೊಳ್ಳಿ. ಬೇರೆ ಮಾತು ಆಡಲು ಬಾರದ ತಂದೆ ಮಕ್ಕಳಿಗೂ ಈ ಮಾತು ಆಡಲು ಬರುತ್ತದೆ.